ನೋವೇ ಇಲ್ಲದ ಉರಿಯೂತ ಎಂಥದ್ದು?

ಪತ್ರ: ಕಳೆದ ಸಂಚಿಕೆಯಲ್ಲಿ ‘ಬೊಜ್ಜು ಅಂದರೆ ಉರಿಯೂತ’ ಎಂದು ಬರೆದಿದ್ದೀರಿ. ನನಗೆ ಹೊಟ್ಟೆ ಬಂದು 15 ವರ್ಷವಾಯಿತು. ನೋವಿಲ್ಲ, ಕೆಂಪಾಗಿಲ್ಲ, ಬಿಸಿಯೂ ಇಲ್ಲ. ಮತ್ತೆ ಯಾವ ಉರಿ, ಯಾವ ಊತ? ಇದ್ದರೂ ಒಂದು ಮಾತ್ರೆ ನುಂಗಿದರೆ ಮುಗಿಯಿತಲ್ಲ? — ಓದುಗರೊಬ್ಬರು

ಸಂಪಾದಕರ ಉತ್ತರ: ಮೊದಲು ತಪ್ಪೊಪ್ಪಿಗೆ. ಆ ಸಾಲು ಲೇಖಕರದ್ದಲ್ಲ. ಶೀರ್ಷಿಕೆ ಚುರುಕಾಗಿರಲಿ ಅಂತ ನಾನೇ ಹಾಕಿದ್ದು. ಬೊಜ್ಜಿರುವ ಎಲ್ಲರಲ್ಲೂ ಉರಿಯೂತ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ಪದವೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಊದಿಕೊಂಡರೆ ಅದು ಎರಡು ಮೂರು ದಿನದ ಜಗಳ. ಕೊಬ್ಬಿನಲ್ಲಿ ನಡೆಯುವುದು ವರ್ಷಗಟ್ಟಲೆಯ ಗೊಣಗಾಟ. ಹೊರಗಿನವರಿಗೆ ಕೇಳಿಸುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಕೊಬ್ಬಿನ ಕೋಶ ಸೋಪಿನ ಗುಳ್ಳೆಯ ಹಾಗಿರುತ್ತದೆ. ಒಳಗೆ ಒಂದೇ ದೊಡ್ಡ ಎಣ್ಣೆ ಹನಿ, ಮಿಕ್ಕಿದ್ದೆಲ್ಲ ಅಂಚಿಗೆ ಒತ್ತಿಕೊಂಡಿರುತ್ತದೆ. ತೂಕ ಏರಿದಂತೆ ಅದು ಉಬ್ಬಿ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಾಟಬಹುದು. ಹೀಗೆ ಉಬ್ಬಿದವುಗಳಲ್ಲಿ ಕೆಲವು ಸಾಯುತ್ತವೆ. ಸತ್ತದ್ದನ್ನು ತಿಂದು ಸ್ವಚ್ಛ ಮಾಡುವುದು ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳ ಕೆಲಸ. ಆದರೆ ಅವುಗಳ ಗಾತ್ರ ಸುಮಾರು 20 ಮೈಕ್ರಾನ್. ಒಂದೇ ಗುಟುಕಿಗೆ ನುಂಗುವ ಮಾತೇ ಇಲ್ಲ. ಹಾಗಾಗಿ ಸತ್ತ ಕೋಶದ ಸುತ್ತ ಬಳೆಯ ಹಾಗೆ ಕೂತು ಚೂರುಚೂರೇ ಕೀಳುತ್ತವೆ. ವಿಜ್ಞಾನಿಗಳು ಇದನ್ನು ಕಿರೀಟಕ್ಕೆ ಹೋಲಿಸುತ್ತಾರೆ. ನನಗೆ ಬಳೆಯೇ ಸರಿ ಅನ್ನಿಸುತ್ತದೆ.

ಎಷ್ಟು ಮ್ಯಾಕ್ರೊಫೇಜ್‌ಗಳು ಬಂದು ಸೇರುತ್ತವೆ? 2003ರ ಒಂದು ಅಧ್ಯಯನದ ಅಂದಾಜು ನೋಡಿ. ತೆಳ್ಳಗಿನ ಇಲಿಗಳ ಕೊಬ್ಬಿನ ಅಂಗಾಂಶದ ಒಟ್ಟು ಕೋಶಗಳಲ್ಲಿ ಇವು ಶೇ. 10ಕ್ಕಿಂತ ಕಡಿಮೆ. ತೀರಾ ದಪ್ಪಗಾದ ಇಲಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ!

ಇವನ್ನು ಕರೆಸುವುದು ಸೈಟೊಕೈನ್ ಗುಂಪಿನ ಸಂದೇಶದ ಅಣುಗಳು. ಎಂಸಿಪಿ-1 ಎಂಬುದು ರಕ್ತದಲ್ಲಿ ಓಡಾಡುವ ಕೋಶಗಳನ್ನು ಒಳಗೆ ಎಳೆಯುತ್ತದೆ. ಬಂದವು ಟಿಎನ್‌ಎಫ್-ಆಲ್ಫಾ (ಚಿಕ್ಕದಾಗಿ ಟಿಎನ್‌ಎಫ್) ಎಂಬ ಇನ್ನೊಂದು ಸಂದೇಶದ ಅಣು ಸುರಿಸುತ್ತವೆ. ಅದರಿಂದ ಇನ್ನಷ್ಟು ಎಂಸಿಪಿ-1, ಇನ್ನಷ್ಟು ಜನ. ದಪ್ಪ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಜಾಸ್ತಿ ಇದೆ, ಅದನ್ನು ತಡೆದರೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 1993ರಲ್ಲೇ ವಿಜ್ಞಾನಿಗಳಾದ ಹೊತಾಮಿಸ್ಲಿಗಿಲ್, ಸ್ಪೀಗೆಲ್‌ಮನ್ ಮತ್ತು ಜೊತೆಗಾರರು ತೋರಿಸಿದರು. ಇನ್ಸುಲಿನ್ ಬಂದಿರುವ ಸುದ್ದಿಯನ್ನು ಕೋಶದೊಳಗೆ ದಾಟಿಸುವುದು ಐಆರ್‌ಎಸ್-1 ಎಂಬ ಪ್ರೋಟೀನ್. ಟಿಎನ್‌ಎಫ್ ಇದ್ದಾಗ ಆ ಪ್ರೋಟೀನಿನ ತಪ್ಪು ಜಾಗಕ್ಕೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಸುದ್ದಿ ಅರ್ಧಕ್ಕೇ ನಿಲ್ಲುತ್ತದೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಹಾಗಂತ ಈ ಅಣುಗಳನ್ನೆಲ್ಲ ಸುಮ್ನೆ ಖಳರ ಪಟ್ಟಿಗೆ ಸೇರಿಸಬೇಡಿ. ಐಎಲ್-6 ಎಂಬ ಇನ್ನೊಂದು ಸೈಟೊಕೈನ್ ನೋಡಿ. ಕೊಬ್ಬಿನಿಂದ ಹೊರಟು ಯಕೃತ್ತಿಗೆ ಹೋಗಿ, ಉರಿಯೂತದ ಸುಳಿವು ಕೊಡುವ ಸಿಆರ್‌ಪಿ ಎಂಬ ಪ್ರೋಟೀನನ್ನು ರಕ್ತದಲ್ಲಿ ಏರಿಸುವುದು ಇದೇ. ವ್ಯಾಯಾಮ ಮಾಡುವಾಗ ಸ್ನಾಯುಗಳಿಂದ ಹೊರಬಂದು ಉರಿಯೂತ ತಗ್ಗಿಸಲು ನೆರವಾಗುವುದೂ ಇದೇ. ಕೊಬ್ಬಿನ ಕೋಶಗಳಲ್ಲಿ ಉರಿಯೂತದ ಸಂದೇಶಗಳನ್ನು ತಡೆದ ಇಲಿಗಳಲ್ಲಿ ಕೊಬ್ಬಿನ ಅಂಗಾಂಶ ಸರಿಯಾಗಿ ಹಿಗ್ಗಲಿಲ್ಲ, ಕೊಬ್ಬು ಹೋಗಿ ಯಕೃತ್ತಿನಲ್ಲಿ ಕೂತಿತು. ಅಂದರೆ ಒಂದಿಷ್ಟು ಉರಿಯೂತ ಬೇಕೇ ಬೇಕು.

ಈಗ ನಿಮ್ಮ ಮಾತ್ರೆಯ ವಿಚಾರ. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಅಷ್ಟು ಸಲೀಸಾಗಿ ನಡೆಯಲಿಲ್ಲ. ಬೊಜ್ಜು ಮತ್ತು ಮಧುಮೇಹ ಎರಡೂ ಇದ್ದವರಿಗೆ ಟಿಎನ್‌ಎಫ್ ತಡೆಯುವ ಔಷಧ ಕೊಟ್ಟು ನೋಡಿದಾಗ ಇನ್ಸುಲಿನ್ ಕೆಲಸ ಸುಧಾರಿಸಲಿಲ್ಲ. ಐಎಲ್-1 ಬೀಟಾ ಎಂಬ ಮತ್ತೊಂದು ಸೈಟೊಕೈನನ್ನು ತಡೆಯುವ ಕ್ಯಾನಕಿನುಮ್ಯಾಬ್ ಚುಚ್ಚುಮದ್ದನ್ನು ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದರು. 2017ರ ಫಲಿತಾಂಶದಲ್ಲಿ ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಗಿತ್ತು. ಹೊಸದಾಗಿ ಮಧುಮೇಹ ಬರುವುದು ಮಾತ್ರ ಕಡಿಮೆಯಾಗಲಿಲ್ಲ. ಸೋಂಕಿನಿಂದ ಸತ್ತವರೂ ಸ್ವಲ್ಪ ಹೆಚ್ಚಿದ್ದರು.

ನೀವು ಹೇಳುವುದು ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ಇರಬೇಕು, ಅಲ್ವಾ? ಅದು ತಡೆಯುವುದು ಮುಖ್ಯವಾಗಿ ಪ್ರೊಸ್ಟಗ್ಲಾಂಡಿನ್ ಎಂಬ ಬೇರೆಯೇ ವಸ್ತುವನ್ನು. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಆಗಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಆದರೆ ತೂಕ ಇಳಿದಾಗ ಕೊಬ್ಬಿನಲ್ಲಿ ಎಂಸಿಪಿ-1 ತಗ್ಗಿ, ಆ ಬಳೆಗಳು ವಿರಳವಾದದ್ದು ಕಂಡಿದೆ. ಬೊಜ್ಜಿನ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಿಗೇ ಈ ಬದಲಾವಣೆ ಕಂಡವರಿದ್ದಾರೆ.