ಟೊಶಿಕೊ ತಕಾಯೆಜು ಅವರ ಮಡಕೆಗಳಿಗೆ ಬಾಯಿ ಯಾಕಿಲ್ಲ? ಒಳಗೆ ಸದ್ದು ಬರೋದು ನಿಜಾನಾ?

ನಿಮ್ಮ ಪ್ರಶ್ನೆ ಇದು: ಫೋಟೋದಲ್ಲಿ ನೋಡಿದ ಮಡಕೆಗಳಿಗೆ ಬಾಯೇ ಇಲ್ಲ, ನೀರು ಹಾಕೋಕಾಗಲ್ಲ, ಹೂವು ಇಡೋಕಾಗಲ್ಲ, ಮತ್ಯಾಕೆ ಮಾಡಿದ್ರು, ಅಲ್ಲಾಡಿಸಿದ್ರೆ ಒಳಗೆ ಏನೋ ಗಲಗಲ ಅನ್ನುತ್ತಂತೆ, ನಿಜಾನಾ ಅಂತ. ನಿಜ. ನಾನು ಕೆಲವು ವರ್ಷದಿಂದ ಮಣ್ಣಿನ ಕೆಲಸ ಮಾಡ್ತಿದೀನಿ, ತಕಾಯೆಜು ಮಣ್ಣಿನಲ್ಲಿ ಕೆಲಸ ಮಾಡ್ತಿದ್ದ ಅಮೆರಿಕದ ಕಲಾವಿದೆ, ನನಗೆ ತುಂಬಾ ಇಷ್ಟ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಸದ್ದಿನ ವಿಷಯ. ಬಾಯಿ ಮುಚ್ಚೋ ಮುಂಚೆ ಒಂದು ಚೂರು ಜೇಡಿಮಣ್ಣನ್ನ ಕಾಗದದಲ್ಲಿ ಸುತ್ತಿ ಒಳಗೆ ಹಾಕೋರು. ಕಾಗದ ಯಾಕೆ ಅಂದ್ರೆ ಹಸಿ ಮಣ್ಣಿಗೆ ಹಸಿ ಮಣ್ಣು ತಾಗಿದ್ರೆ ಅಲ್ಲೇ ಅಂಟ್ಕೊಂಡ್ಬಿಡುತ್ತೆ, ನಾನು ಮೊದಲನೇ ಸಲ ಹಾಗೇ ಬರೀ ಮಣ್ಣಿನ ಗುಂಡು ಹಾಕಿ ಮುಚ್ಚಿದ್ದೆ, ಸುಟ್ಟು ಹೊರಗೆ ತೆಗೆದಾಗ ಸದ್ದೇ ಇಲ್ಲ. ಕಾಗದ ಸುತ್ತಿದ್ರೆ ಅದು ಕಿಲ್ನ್ (ಮಡಕೆ ಸುಡೋ ಗೂಡು) ಒಳಗೆ ಸುಟ್ಟು ಹೋಗುತ್ತೆ, ಚೂರು ಮಾತ್ರ ಗಟ್ಟಿಯಾಗಿ, ಬಿಡಿಯಾಗಿ ಉಳ್ಕೊಳ್ಳುತ್ತೆ. ಅವರಿಗೂ ಇದು ಮೊದಲು ಹೊಳೆದಿದ್ದು ಆಕಸ್ಮಿಕವಾಗಿ ಒಂದು ಚೂರು ಒಳಗೆ ಬಿದ್ದಾಗ ಅಂತಾರೆ.

ಯಾಕೆ ಮುಚ್ಚಿದ್ರು ಅನ್ನೋದಕ್ಕೆ ಅವರ ಉತ್ತರ ಸರಳ. ಮಡಕೇಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿನ ಕತ್ತಲೆ ಜಾಗ, ನಮ್ಮ ಕಣ್ಣಿಗೆ ಕಾಣದೇ ಇರೋದು, ಅನ್ನೋ ಅರ್ಥದಲ್ಲಿ ಅವರು ಹೇಳ್ತಿದ್ರು. ನನಗೆ ಇದು ಓದಿದಾಗ ಅರ್ಥ ಆಗಲಿಲ್ಲ, ಕೈಯಲ್ಲಿ ಮಾಡಿದಾಗ ಆಯ್ತು. ತಿಗರಿ ಮೇಲೆ ಗೋಡೆ ಎತ್ತಿ, ಎರಡೂ ಕೈಯಿಂದ ಕುತ್ತಿಗೆ ಹಿಸುಕಿದ ಹಾಗೆ ಒಳಕ್ಕೆ ತರ್ತಾ ತರ್ತಾ ತೂತು ಬೆರಳಷ್ಟಾಗಿ, ಆಮೇಲೆ ಕಡಲೆಕಾಳಿನಷ್ಟಾಗಿ, ಪಟ್ ಅಂತ ಮುಚ್ಕೊಳ್ಳುತ್ತೆ ನೋಡಿ, ಆ ಕ್ಷಣಕ್ಕೆ ಮಣ್ಣಿನ ಸ್ವಭಾವವೇ ಬದಲಾಗುತ್ತೆ. ಅಲ್ಲೀವರೆಗೆ ಒತ್ತಿದ್ರೆ ಕುಸೀತಿದ್ದ ಗೋಡೆ ಈಗ ಬಲೂನ್ ಥರ ವಾಪಸ್ ತಳ್ಳುತ್ತೆ, ಯಾಕಂದ್ರೆ ಒಳಗೆ ಸಿಕ್ಕಿಹಾಕ್ಕೊಂಡ ಗಾಳಿ ಅದನ್ನ ಹಿಡ್ಕೊಂಡಿದೆ. ಖಾಲಿ ಅಂದ್ಕೊಂಡಿದ್ದ ಜಾಗ ಖಾಲಿಯಲ್ಲ ಅಂತ ಅಂಗೈಗೆ ಗೊತ್ತಾಗುತ್ತೆ. ಆದ್ರೆ ಹಾಗೇ ಬಿಡೋ ಹಾಗಿಲ್ಲ, ಒಣಗ್ತಾ ಮಣ್ಣು ಕುಗ್ಗುತ್ತೆ, ಗಾಳಿ ಅಷ್ಟು ಕುಗ್ಗಲ್ಲ, ಗೋಡೆ ಬಿರುಕು ಬಿಡುತ್ತೆ, ಒಳಗಿನ ತೇವ ಕಿಲ್ನ್‌ನಲ್ಲಿ ಹಬೆಯಾಗಿ ಹೊರಗೆ ಹೋಗೋಕೂ ದಾರಿ ಬೇಕು. ಅದಕ್ಕೆ ಒಂದು ಸಣ್ಣ ತೂತು ಬೇಕೇ ಬೇಕು. ತಕಾಯೆಜು ಅವರ ಮಡಕೆಗಳ ತುದೀಲಿ ಒಂದು ಪುಟ್ಟ ಮೊಗ್ಗಿನ ಥರ ಇರುತ್ತಲ್ಲ, ಗಮನ ಇಟ್ಟು ನೋಡಿ, ತೂತು ಅಲ್ಲೇ ಇರೋದು.

ಬದುಕಿನ ಬಗ್ಗೆ ಹೇಳ್ಬೇಕು ಅಂದ್ರೆ, 1922ರಲ್ಲಿ ಹವಾಯಿಯ ಪೆಪೆಎಕೆಓದಲ್ಲಿ ಹುಟ್ಟಿದ್ದು, ಜಪಾನಿನಿಂದ ವಲಸೆ ಬಂದ ಅಪ್ಪ ಅಮ್ಮ, 11 ಮಕ್ಕಳಲ್ಲಿ ಆರನೆಯವರು. ಹೊನೊಲುಲುವಿನಲ್ಲಿ ಮೊದಲ ಕೆಲಸ ಅಚ್ಚಿಗೆ ಮಣ್ಣು ಒತ್ತಿ ಒಂದೇ ಥರದ ಸಾಮಾನುಗಳನ್ನ ನೂರಾರು ಮಾಡೋದು, ಅದು ಅವರಿಗೆ ಇಷ್ಟ ಇರಲಿಲ್ಲ, ಆದ್ರೆ ಗ್ಲೇಜ್ (ಸುಟ್ಟಾಗ ಗಾಜಿನ ಥರ ಆಗೋ ಲೇಪ) ಹಚ್ಚೋ ಕೈ ಪಳಗಿದ್ದು ಅಲ್ಲೇ. 1951ರಲ್ಲಿ ಮಿಶಿಗನ್‌ನ ಕ್ರಾನ್‌ಬ್ರೂಕ್ ಕಲಾ ಅಕಾಡೆಮಿಗೆ ಹೋಗಿ ಸೆರಾಮಿಕ್ ಕಲಾವಿದೆ ಮಾಯ್ಯಾ ಗ್ರೋಟೆಲ್ ಹತ್ರ ಕಲಿತ್ರು, 1955ರಲ್ಲಿ ಜಪಾನಿಗೆ ಹೋಗಿ ಹಮಾದಾ ಶೋಜಿಯಂಥ ದೊಡ್ಡ ಕುಂಬಾರರನ್ನ ಭೇಟಿ ಮಾಡಿ ಬಂದ್ರು. ಆಮೇಲೆ ಕ್ಲೀವ್‌ಲ್ಯಾಂಡ್‌ನಲ್ಲಿ ಪಾಠ ಹೇಳಿದ್ರು, ಆಮೇಲೆ 1967ರಿಂದ 1992ರವರೆಗೆ ಪ್ರಿನ್ಸ್‌ಟನ್ ಯೂನಿವರ್ಸಿಟೀಲಿ ಪಾಠ. 2011ರಲ್ಲಿ ಹೊನೊಲುಲುವಿನಲ್ಲೇ ತೀರ್ಕೊಂಡ್ರು.

ನನಗೆ ಇದೆಲ್ಲಕ್ಕಿಂತ ಹತ್ತಿರ ಅನ್ನಿಸೋದು ನ್ಯೂಜೆರ್ಸಿಯ ಕ್ವೇಕರ್‌ಟೌನ್‌ನಲ್ಲಿ ಅವರು ಬದುಕಿದ ರೀತಿ. ಮನೆ, ಸ್ಟುಡಿಯೋ, ತರಕಾರಿ ತೋಟ ಎಲ್ಲಾ ಒಂದೇ ಕಡೆ. ಮಡಕೆ ಮಾಡೋದು, ಅಡುಗೆ ಮಾಡೋದು, ತರಕಾರಿ ಬೆಳೆಯೋದು, ಈ ಮೂರರ ಮಧ್ಯೆ ನನಗೆ ವ್ಯತ್ಯಾಸವೇ ಕಾಣಲ್ಲ ಅಂತಿದ್ರು. ಕಲೆ ಅಂದ್ರೆ ಬೇರೆಯವರ ಕೆಲಸ ಅಂತ ಅಂದ್ಕೊಂಡು ಬೆಳೆದವಳು ನಾನು, ಆ ಮಾತು ಓದಿದ ದಿನ ಕೈಯಲ್ಲಿ ಹಿಟ್ಟು ಇತ್ತು, ಹಾಗೇ ಸ್ವಲ್ಪ ಹೊತ್ತು ನಿಂತ್ಬಿಟ್ಟೆ.

ಬರ್ತಾ ಬರ್ತಾ ಕೆಲಸದ ಗಾತ್ರ ಬೆಳೀತು, ಅಂಗೈಯಲ್ಲಿ ಹಿಡಿಯೋವಂಥದ್ದು ಮನುಷ್ಯನೆತ್ತರ ಆಯ್ತು. ನಕ್ಷತ್ರದ ಹೆಸರಿನ ಸರಣೀಲಿ ಅಂಥ 14 ಮಡಕೆಗಳಿವೆ, ಮಧ್ಯೆ ನಡೆದಾಡೋಕೆ ಆಗೋ ಹಾಗೆ ನಿಲ್ಲಿಸ್ತಾರೆ. ಗ್ಲೇಜ್ ಹಚ್ಚೋದೂ ಹಾಗೇ, ಮಡಕೆ ಸುತ್ತ ತಾವೇ ನಡೀತಾ ಸುರಿಯೋದು, ಬ್ರಷ್ ಆಡಿಸೋದು. ಚಪ್ಪಟೆ ಕ್ಯಾನ್ವಾಸ್‌ಗೆ ಒಂದು ಅಂಚು ಅಂತ ಇರುತ್ತೆ, ಬಾಯಿ ಮುಚ್ಚಿದ ಮಡಕೆಗೆ ಅಂಚೂ ಇಲ್ಲ, ಎದುರು ಹಿಂದು ಅನ್ನೋದೂ ಇಲ್ಲ, ಅದಕ್ಕೇ ಫೋಟೋ ನೋಡಿದ್ರೆ ಅರ್ಧ ಕೂಡ ನೋಡಿದ ಹಾಗಲ್ಲ. ಕಂಚಿನಲ್ಲಿ ದೊಡ್ಡ ಗಂಟೆಗಳನ್ನೂ ಮಾಡಿದ್ದಾರೆ, ಸದ್ದಿನ ಮೇಲಿನ ಪ್ರೀತಿ ಅಲ್ಲೂ ಬಿಟ್ಟಿಲ್ಲ.

ಮ್ಯೂಸಿಯಂನಲ್ಲಿ ಇವನ್ನ ಮುಟ್ಟೋಕೆ ಬಿಡಲ್ಲ, ಹಾಗಾಗಿ ಆ ಸದ್ದು ಬಹಳ ಜನರಿಗೆ ಗೊತ್ತೇ ಇಲ್ಲ. 2024ರಲ್ಲಿ ನ್ಯೂಯಾರ್ಕ್‌ನ ನೊಗುಚಿ ಮ್ಯೂಸಿಯಂನಲ್ಲಿ ಇವರ ದೊಡ್ಡ ಪ್ರದರ್ಶನ ಶುರುವಾದಾಗ ಈ ಸದ್ದಿಗೂ ಜಾಗ ಕೊಟ್ಟಿದ್ರು. ಆನ್‌ಲೈನ್‌ನಲ್ಲಿ ಎಲ್ಲಾದ್ರೂ ರೆಕಾರ್ಡಿಂಗ್ ಸಿಕ್ಕಿದ್ರೆ ಇಯರ್‌ಫೋನ್ ಹಾಕ್ಕೊಂಡು ಕೇಳಿ, ಆಮೇಲೆ ನೀವು ನೋಡಿದ ಆ ಫೋಟೋನ ಇನ್ನೊಂದ್ಸಲ ತೆಗೆದು ನೋಡಿ.