ಜೂನ್, ಜುಲೈ ಬಿಟ್ಟು ಬರೆದ ಒಪ್ಪಂದ

(ಗುರುತು ಸಿಗಬಾರದೆಂದು ವಿವರ, ಮೊತ್ತ ಬದಲಾಯಿಸಿದ್ದೇನೆ.)

ಸಾಲದ ವಿಷಯಕ್ಕೆ ಸಲಹೆ ಕೇಳಿ ನನ್ನ ಹತ್ತಿರ ಬಂದವರು ಅವರು, 44 ವರ್ಷ. ಮಲ್ಪೆ ಬಂದರಿನಿಂದ ಮೀನು ತಂದು ಹಳ್ಳಿ ಕಡೆ ಮಾರುತ್ತಾರೆ. ಸ್ವಂತ ಟೆಂಪೋ. ಹೆಂಡತಿಯೂ ಜೊತೆಗೆ ಬಂದಿದ್ದರು. ಕೂತ ಕೂಡಲೇ ಹೇಳಿದ್ದು: "ಮೇಡಂ, ಪಾಪರ್ (ದಿವಾಳಿ) ಅಂತ ಕೋರ್ಟಿಗೆ ಅರ್ಜಿ ಹಾಕ್ತೇನೆ. ಎಲ್ಲ ಒಂದೇ ಸಲ ಮುಗೀಲಿ."

ಎರಡು ತಿಂಗಳಿಂದ ಅವರಿಗೆ ಸರಿ ನಿದ್ದೆ ಇರಲಿಲ್ಲ. ಹಾಗಾಗಿ ಆ ದಿನ ಕಾನೂನು ಮಾತಾಡಲಿಲ್ಲ, ಸಾಲದ ಪಟ್ಟಿ ಮಾತ್ರ ಬರೆದೆವು. ಸೊಸೈಟಿಯಲ್ಲಿ 3.5 ಲಕ್ಷ, ಅದಕ್ಕೆ ಹೆಂಡತಿಯ ಅಣ್ಣನ ಜಾಮೀನು. ಟೆಂಪೋ ಮೇಲೆ ಫೈನಾನ್ಸಿನದ್ದು 2.2 ಲಕ್ಷ. ಕ್ರೆಡಿಟ್ ಕಾರ್ಡ್ 1.3 ಲಕ್ಷ. ಕೈಸಾಲ 1.4 ಲಕ್ಷ, ಕೊಟ್ಟವರ ಹತ್ತಿರ ಸಹಿ ಹಾಕಿದ ಖಾಲಿ ಚೆಕ್. ಆ ಚೆಕ್ಕಿನ ವಿಷಯ ಹೆಂಡತಿಗೆ ಗೊತ್ತಾದದ್ದೇ ಆವತ್ತು. ಅವರು ಬೈಯಲಿಲ್ಲ. "ಇನ್ನೇನಾದ್ರೂ ಇದ್ರೆ ಈಗಲೇ ಹೇಳಿ" ಅಂದರು. ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಎರಡನೇ ಭೇಟಿಯಲ್ಲಿ ದಿವಾಳಿ ಅರ್ಜಿಯ ಬಗ್ಗೆ ಬಿಡಿಸಿ ಹೇಳಿದೆ. ನಮ್ಮ ಕಡೆ ಸಾಮಾನ್ಯ ಜನರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಸಾಲಗಾರರಿಗೆ ಮರುಪಾವತಿ ಯೋಜನೆಯ ದಾರಿ ಇದೆ. ಆದರೆ ಅದು ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, 2019ರ ಡಿಸೆಂಬರ್ 1ರಿಂದ. ಹಳೆ ಕಾಯ್ದೆಯಲ್ಲಿ ದಿವಾಳಿ ಎಂದು ಘೋಷಣೆಯಾದರೆ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ (ಆಸ್ತಿ ನೋಡಿಕೊಳ್ಳುವವರು) ಕೈಗೆ ಹೋಗುತ್ತದೆ. ಫೈನಾನ್ಸಿನವರಿಗೆ ಟೆಂಪೋ ಮೇಲಿನ ಹಕ್ಕು ಹಾಗೇ ಉಳಿಯುತ್ತದೆ. ಮುಖ್ಯವಾಗಿ, ಸಾಲಗಾರ ಬಿಡುಗಡೆಯಾದರೂ ಜಾಮೀನುದಾರ ಬಿಡುಗಡೆಯಾಗುವುದಿಲ್ಲ.

"ಅಂದ್ರೆ ಭಾವನ ತಲೆ ಮೇಲೆ ಬೀಳ್ತದೆ, ಅಲ್ವಾ?" ಎಂದು ಕೇಳಿದರು. ಹೌದು ಅಂದೆ. ಆಮೇಲೆ ಪಾಪರ್ ಮಾತು ಬರಲಿಲ್ಲ.

ಒಂದು ತಿಂಗಳು ದಿನದ ಲೆಕ್ಕ ಬರೆಯಿರಿ ಎಂದೆ. ಡೀಸೆಲ್, ಐಸ್ ಕಳೆದು ತಿಂಗಳಿಗೆ 45 ಸಾವಿರ ಉಳಿಯುತ್ತಿತ್ತು. ಮನೆಖರ್ಚು 24 ಸಾವಿರ. ಅವರು ಉಳಿದ 21 ಸಾವಿರವನ್ನೂ ಕಂತಿಗೇ ಕೊಡಲು ಹೊರಟಿದ್ದರು! ಅದನ್ನು ನಾನು ಬಿಲ್‌ಕುಲ್ ಒಪ್ಪಲಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಇವರ ಟೆಂಪೋ ಅಂಗಳದಲ್ಲಿ ನಿಂತಿರುತ್ತದೆ. ಹಿಂದೆ ಕಂತು ತಪ್ಪಿದ್ದೂ, ಕೈಸಾಲ ಮಾಡಿದ್ದೂ ಇದೇ ಎರಡು ತಿಂಗಳಲ್ಲಿ. ಸೋಮಾರಿತನದಿಂದ ಆದದ್ದಲ್ಲ. 12 ತಿಂಗಳ ಕಂತನ್ನು 10 ತಿಂಗಳ ದುಡಿಮೆಗೆ ಹಚ್ಚಿದ್ದೇ ತಪ್ಪು.

ಹಾಗಾಗಿ ವರ್ಷಕ್ಕೆ 10 ಕಂತು, ತಿಂಗಳಿಗೆ 19 ಸಾವಿರ ಎಂದು ಬರೆದೆವು. ಸೊಸೈಟಿಗೆ 8, ಟೆಂಪೋಗೆ 6, ಕಾರ್ಡಿಗೆ 3, ಕೈಸಾಲಕ್ಕೆ 2 ಸಾವಿರ. ಉಳಿದ 2 ಸಾವಿರ ಮಳೆಗಾಲದ ಅಕ್ಕಿಗೆ. ಒಂದೇ ಹಾಳೆಯನ್ನು ನಾಲ್ವರಿಗೂ ತೋರಿಸಿದೆವು. ಯಾರಿಗೆ ಎಷ್ಟು ಎಂಬುದು ಎಲ್ಲರಿಗೂ ಕಂಡರೆ ಅನುಮಾನ ಕಡಿಮೆಯಾಗುತ್ತದೆ.

ಸೊಸೈಟಿ ಸುಸ್ತಿಬಡ್ಡಿ ಬಿಟ್ಟು ಅವಧಿ ಹೆಚ್ಚಿಸಿತು. ಷರತ್ತು ಬದಲಾದ ಕಾರಣ ಭಾವನೂ ಮತ್ತೆ ಸಹಿ ಹಾಕಿದರು. ಫೈನಾನ್ಸಿನವರು ಎರಡು ಸಲ ಇಲ್ಲ ಎಂದು ಮೂರನೇ ಸಲ ಒಪ್ಪಿದರು. ಕಾರ್ಡ್ ಮತ್ತು ಕೈಸಾಲದ ವಿಷಯವನ್ನು ಉಡುಪಿ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ, ರಾಜಿಯಲ್ಲಿ ವಿವಾದ ಮುಗಿಸುವ ಲೋಕ ಅದಾಲತ್‌ಗೆ ಒಯ್ದೆವು. ಕೇಸು ಹಾಕುವ ಮೊದಲೇ ಅಲ್ಲಿಗೆ ಹೋಗಬಹುದು, ಶುಲ್ಕ ಇಲ್ಲ. ಬ್ಯಾಂಕ್ 90 ಸಾವಿರಕ್ಕೆ ಒಪ್ಪಿತು, 30 ಕಂತು. ಕೈಸಾಲದವರು ಚೆಕ್ ವಾಪಸ್ ಕೊಟ್ಟರು. ಅದು ಬೌನ್ಸ್ ಆಗಿ ಕೇಸಾಗಿದ್ದರೆ ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ದುಪ್ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ಆಗುವ ಭಯ ಇತ್ತು.

ಸಹಿಗೆ ಮುಂಚೆ ಎರಡು ವಿಷಯ ಒತ್ತಿ ಹೇಳಿದೆ. ಲೋಕ ಅದಾಲತ್ ತೀರ್ಪು ಕೋರ್ಟಿನ ಡಿಕ್ರಿಗೆ (ಅಂತಿಮ ಆದೇಶಕ್ಕೆ) ಸಮ, ಅಪೀಲು ಇಲ್ಲ. ಕಂತು ತಪ್ಪಿದರೆ ನೇರ ವಸೂಲಿಗೆ ಬರಬಹುದು. ಆದ್ದರಿಂದ ಮರ್ಯಾದೆಗೆಂದು ಸುಮ್ನೆ ದೊಡ್ಡ ಅಂಕಿ ಒಪ್ಪಬೇಡಿ. ಇನ್ನೊಂದು, ಕಾರ್ಡ್ ಸಾಲ ಕಡಿಮೆಗೆ ಮುಗಿಸಿದರೆ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ 'ಸೆಟಲ್ಡ್' ಎಂದು ಬರುತ್ತದೆ, ಕೆಲವು ವರ್ಷ ಹೊಸ ಸಾಲ ಕಷ್ಟ. ಹೆಂಡತಿ ತಕ್ಷಣ ಹೇಳಿದರು: "ಹೊಸ ಸಾಲ ಬೇಡವೇ ಬೇಡ ಮೇಡಂ."

ಒಪ್ಪಂದ ಆದದ್ದು ಸೆಪ್ಟೆಂಬರಿನಲ್ಲಿ. ಒಂದು ಮಳೆಗಾಲ ದಾಟಿದೆ. ಈಗ ರಸೀದಿಗಳ ಫೈಲು ಹೆಂಡತಿಯ ಹತ್ತಿರ ಇದೆ. ಕಳೆದ ವಾರ ತಂದು ತೋರಿಸಿದರು. ಕಾರ್ಡಿನ ಕಂತು ಇನ್ನು 14 ಉಳಿದಿದೆ. ಅದು ಮುಗಿದ ತಿಂಗಳಿಂದ ಆ 3 ಸಾವಿರ ಕೈಸಾಲದವರಿಗೆ ಹೋಗುತ್ತದೆ.