ಫೋನು, ಲ್ಯಾಪ್‌ಟಾಪುಗಳನ್ನು ಬೇಕಂತಲೇ ರಿಪೇರಿಯಾಗದ ಹಾಗೆ ಮಾಡುತ್ತಾರಾ?

ನೀವು ಎರಡು ವಿಷಯ ಕೇಳಿದ್ದೀರಿ. ಈಗಿನ ಫೋನು, ಲ್ಯಾಪ್‌ಟಾಪುಗಳನ್ನು ಕಂಪನಿಗಳು ಬೇಕಂತಲೇ ರಿಪೇರಿಯಾಗದ ಹಾಗೆ ಮಾಡುತ್ತಿವೆಯಾ, ಇಲ್ಲ ತಂತ್ರಜ್ಞಾನವೇ ಆ ಕಡೆ ಹೋಗಿದೆಯಾ? ಮತ್ತೆ, ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಏನೇನು ನೋಡಿಕೊಳ್ಳಬೇಕು? ನಾನು ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡುವ ಎಂಜಿನಿಯರ್. ಹಾಗಾಗಿ ಒಳಗಿನಿಂದ ಕಂಡಷ್ಟು ಹೇಳುತ್ತೇನೆ.

ಕೆಲವು ಕಡೆ ನಿಜವಾಗಿಯೂ ಬೇರೆ ದಾರಿ ಇಲ್ಲ. ಕೆಲವು ಕಡೆ ದಾರಿ ಇದ್ದರೂ ಯಾರೂ ಹಿಡಿಯುವುದಿಲ್ಲ. ಎರಡನ್ನೂ ಸೇರಿಸಿ ಬೈದರೆ ಲಾಭ ಕಂಪನಿಗಳಿಗೇ. ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ಸಮರ್ಥಿಸಿಕೊಳ್ಳುತ್ತಾರೆ.

ಬೇರೆ ದಾರಿ ಇಲ್ಲದ್ದಕ್ಕೆ ಒಳ್ಳೆಯ ಉದಾಹರಣೆ ರ‍್ಯಾಮ್. ಬೋರ್ಡಿಗೇ ಸೋಲ್ಡರ್ ಮಾಡಿರುತ್ತಾರೆ, ಅಂದರೆ ಲೋಹ ಕರಗಿಸಿ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ ಅಂತ ಜನಕ್ಕೆ ಸಿಟ್ಟು. ಆದರೆ ಎಲ್‌ಪಿಡಿಡಿಆರ್5ಎಕ್ಸ್ ಅನ್ನುವ ಬಗೆಯ ರ‍್ಯಾಮಿನಲ್ಲಿ ಒಂದೊಂದು ಪಿನ್ನಿನ ಮೇಲೂ ಸೆಕೆಂಡಿಗೆ 800 ಕೋಟಿಗಿಂತ ಜಾಸ್ತಿ ಬಿಟ್ ಓಡುತ್ತವೆ. ಸಿಗ್ನಲ್ಲಿನ ವೋಲ್ಟೇಜ್ ಅರ್ಧ ವೋಲ್ಟಿನ ಆಸುಪಾಸು. ಆ ವೇಗದಲ್ಲಿ ತಾಮ್ರದ ಗೆರೆ ಸ್ವಲ್ಪ ಉದ್ದವಾದರೂ ತೊಂದರೆ. ನಡುವೆ ಹಳೆಯ ಬಗೆಯ ಸ್ಲಾಟ್ ಬಂದರಂತೂ ಸಿಗ್ನಲ್ ಅಲ್ಲಿಂದ ವಾಪಸ್ ಪುಟಿದು ಮುಂದಿನ ಬಿಟ್ಟನ್ನು ಕೆಡಿಸುತ್ತದೆ. ಫ್ರೇಮ್‌ವರ್ಕ್ ಕಂಪನಿ ಗೊತ್ತಲ್ವಾ? ಬಿಚ್ಚಿ ಜೋಡಿಸಬಹುದಾದ ಲ್ಯಾಪ್‌ಟಾಪ್ ಮಾಡುತ್ತೇವೆ ಅಂತಲೇ 2021ರಲ್ಲಿ ಮಾರುಕಟ್ಟೆಗೆ ಬಂದವರು. ಅವರೇ 2025ರಲ್ಲಿ ತಂದ ಡೆಸ್ಕ್‌ಟಾಪಿನಲ್ಲಿ ರ‍್ಯಾಮ್ ಸೋಲ್ಡರ್ ಮಾಡಬೇಕಾಯಿತು. ಅದರ ಎಎಂಡಿ ಚಿಪ್ಪಿನ 256 ಬಿಟ್ ಅಗಲದ ಮೆಮೊರಿ ಬಸ್ಸಿಗೆ (ಚಿಪ್ಪಿಗೂ ರ‍್ಯಾಮಿಗೂ ನಡುವಿನ ಗೆರೆಗಳ ಗುಂಪು) ಬಿಚ್ಚುವ ಮಾಡ್ಯೂಲ್ ಹೊಂದಲಿಲ್ಲ. ಇದರಲ್ಲಿ ಮೋಸ ಇಲ್ಲ.

ಹಾಗಂತ ಪ್ರಯತ್ನವೇ ನಿಂತಿಲ್ಲ. 2023ರ ಕೊನೆಯಲ್ಲಿ ಜೆಡೆಕ್ ಎಂಬ ಮಾನದಂಡ ಸಂಸ್ಥೆ ಕ್ಯಾಮ್2 ಅನ್ನುವ ಹೊಸ ವಿನ್ಯಾಸ ಪ್ರಕಟಿಸಿತು. ರ‍್ಯಾಮ್ ಮಾಡ್ಯೂಲನ್ನು ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟು ಸ್ಕ್ರೂ ಬಿಗಿಯುವುದು. ಗೆರೆಗಳು ಗಿಡ್ಡವಾಗುತ್ತವೆ, ಸಿಗ್ನಲ್ ಉಳಿಯುತ್ತದೆ. 2024ರಲ್ಲೇ ಅಂಥ ಲ್ಯಾಪ್‌ಟಾಪುಗಳು ಬಂದವು. ಇಂಥ ಕೆಲಸ ನೋಡಿದಾಗ ನನಗೆ ನಿಜವಾಗಿ ಸಂತೋಷ ಆಗುತ್ತದೆ.

ಆದರೂ ರ‍್ಯಾಮ್ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಯಾಕೆಂದರೆ ಬಳಸಿದಷ್ಟೂ ಸವೆಯುವ ಭಾಗ ಅದಲ್ಲ. ರಿಪೇರಿ ಬಗ್ಗೆ ಯೋಚಿಸುವಾಗ ನಾನು ನೋಡುವುದು ಇದನ್ನೇ: ಸವೆಯುವುದು ಯಾವುದು, ಸವೆಯದ್ದು ಯಾವುದು? ಪ್ರೊಸೆಸರ್, ರ‍್ಯಾಮ್ ಬಹಳ ವರ್ಷ ಹಾಗೇ ಇರುತ್ತವೆ. ಬ್ಯಾಟರಿ ಖಂಡಿತ ಸವೆಯುತ್ತದೆ. ಚಾರ್ಜಿಂಗ್ ಪೋರ್ಟ್, ಫ್ಯಾನ್, ಕೀಬೋರ್ಡ್ ಸವೆಯುತ್ತವೆ. ಸ್ಕ್ರೀನ್ ಒಡೆಯುತ್ತದೆ. ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿ ಕೂಡ ಸವೆಯುತ್ತದೆ. ಪ್ರತಿ ಸಲ ಬರೆದು ಅಳಿಸಿದಾಗ ಅದರ ಸೆಲ್ಲಿನ ಒಳಗಿನ ಆಕ್ಸೈಡ್ ಪದರ ಅಷ್ಟಷ್ಟೇ ಹಾಳಾಗುತ್ತದೆ. ಟೈರು ಸವೆದರೆ ಯಾರೂ ಕಾರನ್ನೇ ಬದಲಿಸುವುದಿಲ್ಲ. ಇಲ್ಲಿ ಮಾತ್ರ ಸವೆಯುವ ಭಾಗವನ್ನು ಸವೆಯದ ಭಾಗಕ್ಕೆ ಅಂಟಿಸಿ, ಎರಡನ್ನೂ ಒಟ್ಟಿಗೆ ಬಿಸಾಡುವ ಹಾಗೆ ಮಾಡಿದ್ದಾರೆ.

ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಪ್ರತಿ ಚಾರ್ಜಿಗೂ ಆನೋಡಿನ (ಒಳಗಿನ ಋಣ ತುದಿಯ) ಮೇಲಿನ ಪದರ ಚೂರು ದಪ್ಪವಾಗುತ್ತದೆ. ಆ ಪದರ ತಿನ್ನುವುದು ಲಿಥಿಯಮ್ಮನ್ನೇ. ಹಾಗಾಗಿ ದಿನ ಕಳೆದಂತೆ ಬ್ಯಾಟರಿ ಹಿಡಿಯುವ ಚಾರ್ಜ್ ಕಡಿಮೆಯಾಗಲೇಬೇಕು. ಇದು ಡಿಸೈನ್ ಮಾಡುವ ಪ್ರತಿಯೊಬ್ಬ ಎಂಜಿನಿಯರಿಗೂ ಮೊದಲ ದಿನವೇ ಗೊತ್ತಿರುವ ವಿಷಯ. ಗೊತ್ತಿದ್ದೂ ಅದನ್ನು ಗಟ್ಟಿ ಅಂಟಿನಿಂದ ಕೂರಿಸುತ್ತಾರೆ. ಕೇಳಿದರೆ ನೀರು ಒಳಗೆ ಹೋಗಬಾರದಲ್ಲ ಅನ್ನುತ್ತಾರೆ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿಯನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿ ತೆಗೆಯಬಹುದಿತ್ತು. ಅದಕ್ಕೆ ಐಪಿ67 ರೇಟಿಂಗೂ ಇತ್ತು, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತಿತ್ತು. ಮುಚ್ಚಳದ ಸುತ್ತ ಒಂದು ರಬ್ಬರ್ ಗ್ಯಾಸ್ಕೆಟ್, ಅಷ್ಟೇ. ಫೋನು ಸ್ವಲ್ಪ ದಪ್ಪ ಆಗುತ್ತದೆ, ಗ್ಯಾಸ್ಕೆಟ್ ಹಳೆಯದಾದರೆ ಬದಲಿಸಬೇಕಾಗುತ್ತದೆ, ಒಪ್ಪುತ್ತೇನೆ. ಆದರೆ ಆಗುವುದೇ ಇಲ್ಲ ಅನ್ನುವ ಮಾತು ಸುಳ್ಳು.

ಈಗ ಕಾನೂನು ಒತ್ತುತ್ತಿದೆ, ಹಾಗಾಗಿ ದಾರಿಗಳೂ ಕಾಣುತ್ತಿವೆ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದ ಪ್ರಕಾರ, ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಮೊದಲಿನ ಸಾಮರ್ಥ್ಯದ 80% ಉಳಿಸಿಕೊಂಡಿರಬೇಕು. ಆ ಮಾಡೆಲ್ಲಿನ ಮಾರಾಟ ನಿಂತ ಮೇಲೆ 7 ವರ್ಷ ಮುಖ್ಯವಾದ ಬಿಡಿಭಾಗಗಳು ಸಿಗಬೇಕು. ಆಪಲ್ 2024ರ ಐಫೋನ್ 16ರಲ್ಲಿ ಸಣ್ಣ ವಿದ್ಯುತ್ ಹರಿಸಿದರೆ ತಾನೇ ಬಿಟ್ಟುಕೊಳ್ಳುವ ಅಂಟು ತಂದಿತು. ಒಳ್ಳೆಯ ಎಂಜಿನಿಯರಿಂಗ್ ಅದು. ಮನಸ್ಸು ಮಾಡಿದರೆ ಆಗುತ್ತದೆ.

ಹಾಗಾದರೆ ಮೊದಲೇ ಯಾಕೆ ಮನಸ್ಸು ಮಾಡಲಿಲ್ಲ? ನನ್ನ ಅನುಭವದಲ್ಲಿ ಯಾರೂ ಮೀಟಿಂಗಿನಲ್ಲಿ ಕೂತು "ಇದು ಮೂರು ವರ್ಷಕ್ಕೆ ಕೆಡಬೇಕು" ಅನ್ನುವುದಿಲ್ಲ. ಅಂಥದ್ದೂ ನಡೆದಿದೆ ಅನ್ನಿ. 1920ರ ದಶಕದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಫೀಬಸ್ ಅನ್ನುವ ಕೂಟ ಕಟ್ಟಿಕೊಂಡು ಬಲ್ಬಿನ ಆಯಸ್ಸನ್ನು 1000 ಗಂಟೆಗೆ ಇಳಿಸಿದ್ದವು. ಈಗ ಅಷ್ಟೆಲ್ಲ ಒಳಸಂಚು ಬೇಕಿಲ್ಲ. ಯುಎಸ್‌ಬಿ-ಸಿ ಪೋರ್ಟನ್ನೇ ನೋಡಿ. ಅದನ್ನು ಬೇರೆ ಪುಟ್ಟ ಬೋರ್ಡಿನ ಮೇಲೆ ಇಟ್ಟರೆ, ಕೆಟ್ಟಾಗ ಆ ಪುಟ್ಟ ಬೋರ್ಡ್ ಬದಲಿಸಿದರೆ ಸಾಕು. ಆದರೆ ಅದಕ್ಕೆ ಇನ್ನೊಂದು ಕೇಬಲ್ ಬೇಕು, ಎರಡು ಕನೆಕ್ಟರ್ ಬೇಕು, ಜೋಡಿಸಲು ಕೆಲವು ಸೆಕೆಂಡು ಜಾಸ್ತಿ ಬೇಕು. ಒಂದು ಪೀಸಿಗೆ ಜುಜುಬಿ ಖರ್ಚು. ಲಕ್ಷಗಟ್ಟಲೆ ಪೀಸಿಗೆ ಲೆಕ್ಕ ಹಾಕಿದಾಗ ದೊಡ್ಡದಾಗಿ ಕಾಣುತ್ತದೆ. ಉಳಿತಾಯ ಈ ವರ್ಷದ ಲೆಕ್ಕದಲ್ಲೇ ಬರುತ್ತದೆ. ವಾರಂಟಿ ಮುಗಿದ ಮೇಲೆ ನೀವು ಇಡೀ ಮದರ್‌ಬೋರ್ಡಿಗೆ ಕೊಡುವ ದುಡ್ಡು ಅವರ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಹಾಗಾಗಿ ಆ ಪುಟ್ಟ ಬೋರ್ಡಿನ ಪರ ಮಾತಾಡುವ ಎಂಜಿನಿಯರ್ ಹತ್ತಿರ ತೋರಿಸಲು ಅಂಕಿಯೇ ಇರುವುದಿಲ್ಲ. ಕಾನೂನು ಮಾಡಬೇಕಾದ ಕೆಲಸ ಇದೇ: ಆ ಖರ್ಚನ್ನು ಅವರ ಲೆಕ್ಕಕ್ಕೂ ತರುವುದು.

ಇಲ್ಲಿವರೆಗೆ ಹೇಳಿದ್ದು ಅಲಕ್ಷ್ಯ. ಬೇಕಂತಲೇ ಮಾಡುವುದು ಅಂದರೆ ಪಾರ್ಟ್ ಪೇರಿಂಗ್. ಸ್ಕ್ರೀನು, ಬ್ಯಾಟರಿ, ಕ್ಯಾಮೆರಾ ಎಲ್ಲದಕ್ಕೂ ಒಂದು ಸೀರಿಯಲ್ ನಂಬರ್ ಕೊಟ್ಟು ಮದರ್‌ಬೋರ್ಡಿಗೆ ಗಂಟು ಹಾಕುತ್ತಾರೆ. ಅದೇ ಕಂಪನಿಯ, ಅದೇ ಮಾಡೆಲ್ಲಿನ ಅಸಲಿ ಸ್ಕ್ರೀನನ್ನು ಇನ್ನೊಂದು ಫೋನಿನಿಂದ ತೆಗೆದು ಹಾಕಿದರೂ ಎಷ್ಟೋ ಸಲ ಏನಾದರೊಂದು ಕೆಲಸ ಮಾಡುವುದಿಲ್ಲ, ಇಲ್ಲ ಎಚ್ಚರಿಕೆ ಬರುತ್ತಲೇ ಇರುತ್ತದೆ. 2021ರಲ್ಲಿ ಐಫೋನ್ 13ರ ಸ್ಕ್ರೀನ್ ಹೊರಗಡೆ ಬದಲಿಸಿದರೆ ಫೇಸ್ ಐಡಿ ನಿಂತುಹೋಗುತ್ತಿತ್ತು. ಗಲಾಟೆ ಆದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಸರಿ ಮಾಡಿದರು. ಸಾಫ್ಟ್‌ವೇರಿನಿಂದ ಸರಿಹೋಯಿತು ಅಂದರೆ ತಡೆ ಹಾರ್ಡ್‌ವೇರಿನಲ್ಲಿ ಇರಲೇ ಇಲ್ಲ ಅಂತ ಅರ್ಥ, ಅಲ್ವಾ? ಬೆರಳಚ್ಚಿನ ಸೆನ್ಸರಿಗೆ ಪೇರಿಂಗ್ ಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ, ಅಲ್ಲಿ ಭದ್ರತೆಯ ಪ್ರಶ್ನೆ ಇದೆ. ಬ್ಯಾಟರಿಗೆ ಯಾವ ಭದ್ರತೆ? ಅಮೆರಿಕದ ಆರಿಗನ್ ರಾಜ್ಯ 2024ರಲ್ಲಿ ರಿಪೇರಿಗೆ ಅಡ್ಡಿಯಾಗುವ ಪೇರಿಂಗ್ ವಿರುದ್ಧ ಕಾನೂನನ್ನೇ ಮಾಡಿತು. ಉಳಿದ ಕಡೆಯೂ ಅದು ಬರಬೇಕು ಅಂತ ನನ್ನ ಆಸೆ.

ಸರ್ಕ್ಯೂಟ್ ಡಯಾಗ್ರಾಮ್ ಬಚ್ಚಿಡುವುದೂ ಇದೇ ಜಾತಿ. 1981ರಲ್ಲಿ ಬಂದ ಐಬಿಎಂ ಪಿಸಿಯ ಪೂರ್ತಿ ಡಯಾಗ್ರಾಮ್, ಬಯಾಸ್ (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಕೋಡ್ ಸಮೇತ, ದುಡ್ಡು ಕೊಟ್ಟರೆ ಸಿಗುವ ಮ್ಯಾನುಯಲ್ಲಿನಲ್ಲಿ ಇತ್ತು. ಈಗ ಒಂದು ಚಾರ್ಜಿಂಗ್ ಐಸಿ, ಅಂದರೆ ಚಾರ್ಜ್ ನೋಡಿಕೊಳ್ಳುವ ಚಿಪ್, ಸುಟ್ಟರೆ, ಅದರ ನಂಬರ್ ಹಿಡಿದು ಹುಡುಕಿದರೂ ಡೇಟಾಶೀಟ್ (ಅದರ ಪಿನ್ನು, ವೋಲ್ಟೇಜಿನ ವಿವರ) ಸಿಗದೇ ಇರಬಹುದು. ಎಲ್ಲರಿಗೂ ಮಾರುವ ಐಸಿಯನ್ನೇ ಚೂರು ಬದಲಿಸಿ, ಹೊಸ ನಂಬರ್ ಕೊಟ್ಟು, ಬೇರೆಯವರಿಗೆ ಮಾರಬಾರದು ಅಂತ ಐಸಿ ತಯಾರಕರ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. ಬೋರ್ಡ್ ಮಟ್ಟದಲ್ಲಿ ರಿಪೇರಿ ಮಾಡುವವರ ಕೈ ಕಟ್ಟುವುದು ಸೋಲ್ಡರ್ ಅಲ್ಲ, ಇದು. ಹಾಟ್ ಏರ್, ಮೈಕ್ರೋಸ್ಕೋಪ್ ಇದ್ದರೆ ಸೋಲ್ಡರನ್ನು ಅವರು ಆರಾಮಾಗಿ ನಿಭಾಯಿಸುತ್ತಾರೆ.

ರೀಸೈಕಲ್ ಮಾಡಿದರೆ ಆಯಿತಲ್ಲ ಅಂತ ಕೆಲವರು ಕೇಳುತ್ತಾರೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಯಿತು. ಸರಿಯಾಗಿ ಸಂಗ್ರಹವಾಗಿ ರೀಸೈಕಲ್ ಆಗಿದ್ದಕ್ಕೆ ದಾಖಲೆ ಇರುವುದು 22.3%ಗೆ ಮಾತ್ರ. ಅದರಲ್ಲೂ ವಾಪಸ್ ಸಿಗುವುದು ತಾಮ್ರ, ಚಿನ್ನ, ಅಲ್ಯೂಮಿನಿಯಂ. ಚಿಪ್ ಮಾಡಲು ಸುರಿದ ವಿದ್ಯುತ್ತು, ನೀರು, ನೂರಾರು ಹಂತದ ಕೆಲಸ ವಾಪಸ್ ಬರುವುದಿಲ್ಲ. ಚೆನ್ನಾಗಿರುವ ಪ್ರೊಸೆಸರನ್ನು ಸತ್ತ ಬ್ಯಾಟರಿಯ ಜೊತೆ ಪುಡಿ ಮಾಡುವುದನ್ನು ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪ್. ಜಾಹೀರಾತು ಬಿಡಿ, ಮೊದಲು ಆ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಕಂಪನಿಯ ಸೈಟಿನಲ್ಲೇ ಸಿಗುತ್ತದಾ ನೋಡಿ. ಸಿಕ್ಕರೆ ಬ್ಯಾಟರಿ ಬದಲಿಸುವ ಪುಟ ತೆರೆಯಿರಿ. ಸ್ಕ್ರೂಗಳು ಮಾತ್ರ ಕಂಡರೆ ಒಳ್ಳೆಯದು, ಅಂಟು ಬಿಸಿ ಮಾಡಿ ಅಂತ ಇದ್ದರೆ ಯೋಚಿಸಿ. ಕೀಬೋರ್ಡ್ ಬೇರೆಯಾಗಿ ಬಿಚ್ಚಲು ಬರುತ್ತದಾ, ಇಲ್ಲ ಮೇಲಿನ ಕವರಿಗೇ ರಿವೆಟ್ ಹೊಡೆದಿದ್ದಾರಾ ಅಂತಲೂ ಅಲ್ಲೇ ಗೊತ್ತಾಗುತ್ತದೆ. ಚಾರ್ಜ್ ಮಾಡುವ ಪೋರ್ಟ್ ಎರಡು ಇದ್ದರೆ ಒಂದು ಕೆಟ್ಟರೂ ಕೆಲಸ ನಡೆಯುತ್ತದೆ. ರ‍್ಯಾಮ್ ಸೋಲ್ಡರ್ ಆಗಿದ್ದರೆ ಬೇಸರ ಬೇಡ, ಮುಂದಿನ ಆರೇಳು ವರ್ಷಕ್ಕೆ ಬೇಕಾಗುವಷ್ಟನ್ನು ಈಗಲೇ ತಗೊಳ್ಳಿ. ಎಸ್‌ಎಸ್‌ಡಿ ಮಾತ್ರ ಬಿಚ್ಚಿ ಬದಲಿಸಬಹುದಾದ ಎಂ.2 ಸ್ಲಾಟಿನಲ್ಲಿ ಇರಲೇಬೇಕು. ಅದನ್ನೂ ಬೋರ್ಡಿಗೆ ಸೋಲ್ಡರ್ ಮಾಡಿದ್ದರೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ, ನಾನಾದರೆ ಆ ಮಾಡೆಲ್ ಬಿಟ್ಟು ಬೇರೆ ನೋಡುತ್ತೇನೆ.